ಕಾಯಕ ಕಲಿಯುವ ದಾರಿಗಳು

(ಹೆತ್ತೂರಿನ ಶರಣರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಮಡಿವಾಳ ಮಾಚಿದೇವರು ಬಟ್ಟೆ ಒಗೆದರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು ಎಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಮನೆಯಲ್ಲಿ ಮಗ ಫಿಟ್ಟರ್ ಆಗುತ್ತೇನೆಂದರೆ ನಮ್ಮ ಮುಖ ಸಪ್ಪಗಾಗುತ್ತದೆ. ನನ್ನದೂ ಆಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರುತ್ತೇನೆಂದ ಅಣ್ಣನ ಮಗನನ್ನು ತಡೆದು ಪದವಿಗೆ ಕಳುಹಿಸಿದವನು ನಾನೇ. ಪದವಿಯ ನಂತರ ನಾಲ್ಕು ವರ್ಷ ಅವನು ಸರ್ಕಾರಿ ಪರೀಕ್ಷೆ ಬರೆಯುತ್ತ ಮನೆಯಲ್ಲೇ ಉಳಿದ. ಆ ತಪ್ಪು ನನ್ನದು.

ಅತ್ತ ನಮ್ಮ ತೋಟಗಳಲ್ಲಿ ಕೊಯ್ಲಿನ ನಡುವೆ ಪಲ್ಪರ್ ಕೆಟ್ಟರೆ, ಮೋಟಾರು ಸುಟ್ಟರೆ, ರಿಪೇರಿಯವರು ಸಕಲೇಶಪುರದಿಂದ ಬರುವವರೆಗೆ ಕಾಯುತ್ತೇವೆ. ಕೆಲಸವಿದೆ, ಕಲಿತ ಕೈಗಳಿಲ್ಲ.

ಕೈಗೆ ಕೆಲಸ ಕಲಿಸಲೆಂದೇ 1961ರ ಅಪ್ರೆಂಟಿಸ್ ಕಾಯಿದೆ ಇದೆ. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಶಾಲೆ ಅರ್ಧಕ್ಕೆ ಬಿಟ್ಟವರಿಗೂ ಕೆಲವು ಕಸುಬುಗಳಲ್ಲಿ ಅವಕಾಶವಿದೆ. ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್‌ಗಳನ್ನು ರೈಲ್ವೆ ಕಾರ್ಯಾಗಾರಗಳು, ಎಚ್‌ಎಎಲ್, ಕೆಎಸ್‌ಆರ್‌ಟಿಸಿಯಂಥ ಸಂಸ್ಥೆಗಳು ತೆಗೆದುಕೊಳ್ಳುತ್ತವೆ. ಡಿಪ್ಲೊಮಾ, ಎಂಜಿನಿಯರಿಂಗ್ ಆದವರಿಗೆ ಒಂದು ವರ್ಷದ ತರಬೇತಿ ಇದೆ. 2014ರ ತಿದ್ದುಪಡಿಯ ಮೇಲೆ ಬಿ.ಎ., ಬಿ.ಕಾಂ. ಓದಿದವರಿಗೂ ಬಾಗಿಲು ತೆರೆದಿದೆ. ಡಿಪ್ಲೊಮಾ ಮಾಡುತ್ತಲೇ ಯಂತ್ರದ ಮುಂದೆ ನಿಂತು ಕಲಿಯಬೇಕೆನ್ನುವವರಿಗೆ ಹಾಸನದಲ್ಲೇ ಜಿಟಿಟಿಸಿ ಇದೆ. ಹೆಣ್ಣುಮಕ್ಕಳಿಗೂ ಇವೆಲ್ಲ ಸಮಾನವಾಗಿ ಸಲ್ಲುತ್ತವೆ.

ಕಲಿಯುವಾಗ ಭತ್ಯೆ ಸಿಗುತ್ತದೆ. 2019ರ ನಿಯಮದಲ್ಲಿ ಓದಿಗೆ ತಕ್ಕಂತೆ ತಿಂಗಳಿಗೆ ಕನಿಷ್ಠ 5,000ದಿಂದ 9,000 ರೂಪಾಯಿ ಎಂದು ಗೊತ್ತುಮಾಡಿದರು. ಬಾಡಿಗೆ ಕೊಟ್ಟು ನಗರದಲ್ಲಿರಲು ಇದು ಸಾಲದು; ಮೊದಲೇ ಲೆಕ್ಕ ಹಾಕಿಕೊಳ್ಳಿ. ತರಬೇತಿ ಮುಗಿದೊಡನೆ ಅಲ್ಲೇ ನೌಕರಿ ಕೊಡಬೇಕೆಂದು ಕಾಯಿದೆ ಹೇಳುವುದಿಲ್ಲ. ಆದರೆ ಕೈಯಲ್ಲಿ ಕಸುಬು, ಪ್ರಮಾಣಪತ್ರ ಎರಡೂ ಉಳಿಯುತ್ತವೆ.

ಒಂದು ಎಚ್ಚರಿಕೆ. ಲಿಖಿತ ಒಪ್ಪಂದ ಆಗಬೇಕು, ಅದು ಸರ್ಕಾರದ ಜಾಲತಾಣದಲ್ಲಿ ನೋಂದಣಿಯಾಗಬೇಕು. ಅದಿಲ್ಲದಿದ್ದರೆ ಅದು ಕಲಿಕೆಯಲ್ಲ, ಅಗ್ಗದ ಕೂಲಿ. ಸೀಟು ಕೊಡಿಸುತ್ತೇನೆಂದು ಹಣ ಕೇಳುವವರನ್ನು ನಂಬಬೇಡಿ.

ನಿವೃತ್ತರಲ್ಲಿ ನನ್ನದೊಂದು ಕೋರಿಕೆ. ತಿಂಗಳಿಗೊಂದು ದಿನ ಮಠದ ಅಂಗಳದಲ್ಲಿ ಕುಳಿತು ಮಕ್ಕಳ ಅರ್ಜಿ ತುಂಬಿಸೋಣ, ಒಪ್ಪಂದಪತ್ರ ಓದಿ ಹೇಳೋಣ. ನಮ್ಮ ಅನುಭವವನ್ನು ಹಂಚುವುದೂ ದಾಸೋಹವೇ. ಮೊದಲ ದಿನ ನಾನು ಬರುತ್ತೇನೆ. ಅಣ್ಣನ ಮಗನನ್ನೂ ಕರೆತರುತ್ತೇನೆ.