ಉಗಿಯ ಪೆಟ್ಟಿಗೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಮಕ್ಕಳನ್ನು ಕುರಿತು ಆಡಿದ ಮಾತು ಅದು. ಆ ಮಟ್ಟಿಗೆ ನಿಜವೂ ಇರಬಹುದು. ಆದರೆ ಮರವನ್ನೇ ಕುರಿತು ಕೇಳುವುದಾದರೆ, ಬಗ್ಗುತ್ತದೆ ಎಂದೇ ಉತ್ತರಿಸಬೇಕಾಗುತ್ತದೆ. ಅದಕ್ಕೆ ಬೇಕಾದದ್ದು ಉಗಿ, ಒಂದಿಷ್ಟು ಹೊತ್ತು, ಮತ್ತು ಆ ಉಗಿಯನ್ನು ಹಿಡಿದಿಡುವ ಒಂದು ಪೆಟ್ಟಿಗೆ. ಈ ಮೂರರಲ್ಲಿ ಪೆಟ್ಟಿಗೆಯೇ ಸುಲಭವೆಂದು ನಾನು ಭಾವಿಸಿದ್ದೆ. ಅದೇ ನನ್ನನ್ನು ಹೆಚ್ಚು ಕಾಡಿತು.

ನಮ್ಮ ಮನೆಯಲ್ಲಿ ತಂದೆಯವರ ಕಾಲದ ಒಂದು ಕುರ್ಚಿಯಿದೆ. ಬೆತ್ತದ ಆಸನ, ಬೆನ್ನಿಗೆ ಒಂದರೊಳಗೊಂದು ಕೂಡಿಸಿದ ಎರಡು ಕಮಾನು. ಈ ಮಾದರಿಯ ಮೂಲಪುರುಷ ಮೈಕೆಲ್ ಥೋನೆಟ್. ರೈನ್ ನದಿಯ ದಡದ ಬೊಪ್ಪಾರ್ಡ್ ಎಂಬ ಊರಿನಲ್ಲಿ 1796ರಲ್ಲಿ ಹುಟ್ಟಿ, 1842ರಲ್ಲಿ ವಿಯೆನ್ನಾಕ್ಕೆ ಹೋಗಿ ನೆಲೆಸಿದವನು. ಬೀಚ್ ಮರದ ಕೋಲುಗಳನ್ನು ಉಗಿಯಲ್ಲಿ ಬೇಯಿಸಿ ಬಾಗಿಸುವ ಕೆಲಸವನ್ನು ಕಾರ್ಖಾನೆಯ ಮಟ್ಟಕ್ಕೆ ತಂದವನು. 1859ರ ಅವನ 14ನೆಯ ನಂಬರಿನ ಕುರ್ಚಿಗೆ ಬೇಕಾದದ್ದು ಆರು ಮರದ ಭಾಗ, ಹತ್ತು ತಿರುಪು, ಎರಡು ನಟ್ಟು. ಬಿಡಿಬಿಡಿಯಾಗಿ ಇಟ್ಟರೆ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಅಡಗುತ್ತಿದ್ದವು. ಹಾಗೆ ಅಡಗಿಕೊಂಡು ಅದು ಲೋಕವನ್ನೇ ಸುತ್ತಿತು. ಅದರ ಅನುಕರಣೆಯೊಂದು ನಮ್ಮ ಮನೆಗೂ ಬಂದಿತ್ತು.

ಬಲ್ಬು ಬದಲಿಸಲೆಂದು ಅದನ್ನು ಹತ್ತಿ, ಬೆನ್ನಿನ ಮೇಲೆ ಮೊಣಕಾಲೂರಿ, ಒಳಗಿನ ಕಮಾನನ್ನು ಮುರಿದವನು ನಾನೇ. ತಂದೆಯವರು ಹೋದ ಮೇಲೆ ನಮ್ಮ ತಾಯಿ ಸಂಜೆಯ ಹೊತ್ತನ್ನೆಲ್ಲ ಆ ಕುರ್ಚಿಯಲ್ಲೇ ಕಳೆಯುತ್ತಿದ್ದರು. ಅವರು ಏನೂ ಅನ್ನಲಿಲ್ಲ. ಚಾಪೆ ಹಾಸಿಕೊಂಡು ಗೋಡೆಗೆ ಒರಗಿ ಕುಳಿತರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಊರಿನ ಬಡಗಿ, ‘ಹಲಗೆಯಲ್ಲಿ ಕೊಯ್ದು ಕೊಡುತ್ತೇನೆ ಸ್ವಾಮಿ, ಬಾಗಿಸುವುದು ನನ್ನಿಂದಾಗದು’ ಎಂದರು. ಕಮಾನಾಗಿ ಕೊಯ್ದರೆ ಮರದ ನಾರು ಅಲ್ಲಲ್ಲಿ ತುಂಡಾಗುತ್ತದೆ. ಬಾಗಿಸಿದರೆ ನಾರು ತುದಿಯಿಂದ ತುದಿಗೆ ಕಮಾನಿನ ಜೊತೆಯಲ್ಲೇ ಸಾಗುತ್ತದೆ. ಆದ್ದರಿಂದ ನಾನೇ ಮುಂದಾದೆ. ರೇಷ್ಮೆ ಸೀಮೆಯ ಸ್ನೇಹಿತರೊಬ್ಬರು ಹಿಪ್ಪುನೇರಳೆ ಮರದಿಂದ ತೆಗೆದು ನೆರಳಿನಲ್ಲಿ ಒಣಗಿಸಿದ ಕೋಲುಗಳನ್ನು ಕೊಟ್ಟರು. ಹಾಕಿ ಕೋಲಿನ ಬಾಗಿದ ತುದಿಗೆ ಹೆಸರಾದ ಮರ ಅದು. ಸಿಕ್ಕಿದ್ದು ಮೂರೇ ಕೋಲು.

ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಲಿಗ್ನಿನ್ ಎಂಬ ಪದಾರ್ಥ. ತೇವವೂ ಕುದಿನೀರಿನಷ್ಟು ಬಿಸಿಯೂ ಸೇರಿದಾಗ ಅದು ಮೆತ್ತಗಾಗುತ್ತದೆ. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆ ಉಗಿ ಬೇಕೆಂಬುದು ಕಸುಬಿನವರ ಲೆಕ್ಕ. ಹಾಗೆ ಬೆಂದ ಮರ ಒತ್ತಿದರೆ ಸಾಕಷ್ಟು ಕುಗ್ಗುತ್ತದೆ. ಎಳೆದರೆ ನೂರಕ್ಕೆ ಒಂದೆರಡು ಪಾಲು ಹಿಗ್ಗುವಷ್ಟರಲ್ಲೇ ಸೀಳುತ್ತದೆ. ಅದಕ್ಕೆಂದೇ ಥೋನೆಟ್ ಹೊರಮೈಗೆ ಲೋಹದ ಪಟ್ಟಿ ಬಿಗಿದು ಬಾಗಿಸುತ್ತಿದ್ದ. ಪಟ್ಟಿಯನ್ನು ನಾನೂ ಹೊಂದಿಸಿಕೊಂಡೆ. ಉಳಿದದ್ದು ಪೆಟ್ಟಿಗೆ.

ಮೊದಲು ಕೈಗೆ ಸಿಕ್ಕಿದ್ದು ಪಿ.ವಿ.ಸಿ. ಕೊಳವೆ. ಅಗ್ಗ, ಹಗುರ, ಕೋಲಿಗೆ ತಕ್ಕ ಉದ್ದ. ಆದರೆ 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಆ ವಸ್ತು ಬಿಗಿ ಕಳೆದುಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಕೊಳವೆ ನಡುವೆ ಜೋತುಬಿದ್ದಿತು, ಸಂದು ಬಿಟ್ಟಿತು, ಉಗಿ ಹೊರಟುಹೋಯಿತು. ಮರಕ್ಕಿಂತ ಮೊದಲು ಪೆಟ್ಟಿಗೆಯೇ ಬಾಗಿತ್ತು! ಅರೆಬೆಂದ ಕೋಲು ಸಿಡಿಯಿತು.

ಎರಡನೆಯದು ಕಬ್ಬಿಣದ ಕೊಳವೆ. ಅದು ಬಾಗಲಿಲ್ಲ, ಆದರೆ ಒಳಗಿನ ಬಿಸಿಯನ್ನೆಲ್ಲ ಹೊರಗಿನ ಗಾಳಿಗೆ ದಾನ ಮಾಡಿತು. ಗೋಣಿ ಸುತ್ತಬೇಕೆಂಬುದು ನನಗೆ ಹೊಳೆದಿರಲಿಲ್ಲ. ಉಗಿ ಗೋಡೆಗೆ ತಾಗಿ ನೀರಾಗಿ, ಕೋಲಿನ ಮೇಲೆ ಮಳೆಯಂತೆ ಸುರಿಯಿತು. ಕಬ್ಬಿಣ ತಾಗಿದೆಡೆಯಲ್ಲೆಲ್ಲ ಕಪ್ಪು ಕಲೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಹಿಂದಿನವರು ಕಪ್ಪು ಬಣ್ಣ ಮಾಡುತ್ತಿದ್ದರು. ಒಗರುಳ್ಳ ಮರದಲ್ಲೂ ನಡೆಯುವುದು ಅದೇ. ಆ ಕೋಲೂ ಸೀಳಿತು.

ಉಳಿದದ್ದು ಒಂದು. ವಾರಗಟ್ಟಲೆ ಅದನ್ನು ಮುಟ್ಟಲು ಧೈರ್ಯವಾಗಲಿಲ್ಲ. ಪ್ಲೈವುಡ್ಡನ್ನು ಯೋಚಿಸಿದೆ: ಸಾಧಾರಣ ಪ್ಲೈವುಡ್ಡಿನ ಅಂಟು ಉಗಿಗೆ ಸಡಿಲಿ ಪದರಗಳು ಏಳುತ್ತವೆ, ಕುದಿನೀರಿಗೆ ಜಗ್ಗದ ಅಂಟಿನದು ಬಾಳುತ್ತದೆ, ಬೆಲೆ ಹೆಚ್ಚು. ಕೊನೆಗೆ ಒಲಿದದ್ದು ಹಳೆಯ ಪ್ಯಾಕಿಂಗ್ ಪೆಟ್ಟಿಗೆಯ ಬರಿಯ ಹಲಗೆ. ಮರ ಬಿಸಿಯನ್ನು ಸುಲಭವಾಗಿ ಹೊರಗೆ ಬಿಡದು; ತೇವ ಕುಡಿದು ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹಿತ್ತಾಳೆಯ ತಿರುಪು ಹಾಕಿದೆ. ಕೋಲಿನ ಸುತ್ತಲೂ ಉಗಿಯಾಡಲೆಂದು ಒಳಗೆ ಬಿದಿರಿನ ಕಡ್ಡಿಗಳನ್ನು ಅಡ್ಡಲಾಗಿ ಕೂರಿಸಿದೆ. ನೀರು ಬಸಿಯಲೆಂದು ಪೆಟ್ಟಿಗೆಯನ್ನು ತುಸು ಓರೆಯಾಗಿಟ್ಟೆ. ಬಾಗಿಲನ್ನು ಉಸಿರಾಡದಂತೆ ಬಿಗಿಯಲು ಹೊರಟಾಗ, ಅದುವರೆಗೆ ಸುಮ್ಮನಿದ್ದ ತಾಯಿ ಬಾಯಿಬಿಟ್ಟರು: ‘ಅಲ್ಲವೋ, ಇಡ್ಲಿ ಪಾತ್ರೆಯ ಮುಚ್ಚಳವನ್ನು ಯಾರಾದರೂ ಹಗ್ಗ ಹಾಕಿ ಕಟ್ಟುತ್ತಾರೇನೋ? ಉಗಿಗೆ ದಾರಿ ಬೇಡವೇ?’

ಅವರ ಮಾತು ದೊಡ್ಡದು. ಬೇಕಾದದ್ದು ಉಗಿಯ ಬಿಸಿ, ಒತ್ತಡವಲ್ಲ. ದಾರಿಯಿಲ್ಲದ ಉಗಿ ಪೆಟ್ಟಿಗೆಯನ್ನು ಒಡೆದು ಮೈ ಸುಡುತ್ತದೆ. ಒಂದು ರಂಧ್ರ ಕೊರೆದೆ, ಬಾಯಿಗೆ ಬಟ್ಟೆಯನ್ನು ಸಡಿಲವಾಗಿ ತುರುಕಿದೆ. ಗಂಟೆ ಕಳೆದು ಕೋಲನ್ನು ಹೊರತೆಗೆದರೆ, ತಣ್ಣಗಾಗುವ ಮುನ್ನ ಬಾಗಿಸಲು ಸಿಗುವುದು ಒಂದು ನಿಮಿಷಕ್ಕಿಂತ ಕಡಿಮೆ. ಕೈ ನಡುಗುತ್ತಿತ್ತು. ಅಚ್ಚಿನ ಸುತ್ತ ಎಳೆದೆ. ಸದ್ದೇ ಇಲ್ಲದೆ ಅದು ಬಾಗಿತು.

ಕಮಾನು ಅಚ್ಚಿನಲ್ಲೇ ಒಣಗಿ ಕುರ್ಚಿ ಸೇರಿತು. ಹಳೆಯದರಷ್ಟು ಸುಂದರವಾಗಿಲ್ಲ, ಎಡಭಾಗ ಕೊಂಚ ಚಪ್ಪಟೆ. ತಾಯಿ ಅದರ ಮೇಲೆ ಬೆರಳಾಡಿಸಿ ನೋಡಿ, ಕುಳಿತು, ಒರಗಿದರು. ಚಾಪೆ ಮೂಲೆ ಸೇರಿತು.

ಪೆಟ್ಟಿಗೆ ಈಗಲೂ ಅಟ್ಟದ ಮೇಲಿದೆ. ನೆನೆದು ಒಣಗಿ ಅದರ ಹಲಗೆಗಳು ಬಿರುಕುಬಿಟ್ಟಿವೆ. ಇಂಥ ಪೆಟ್ಟಿಗೆಗಳ ಆಯುಸ್ಸು ಅಷ್ಟೇ. ಇನ್ನೊಂದನ್ನು ಮೆತ್ತಗಾಗಿಸುವ ಹೊಣೆ ಹೊತ್ತದ್ದು, ಆ ಹೊತ್ತು ಮುಗಿಯುವವರೆಗಾದರೂ ತಾನು ಮೆತ್ತಗಾಗದೆ ನಿಲ್ಲಬೇಕು. ಅದು ನಿಂತಿತು. ಒಲೆಗೆ ಹಾಕಲು ನನಗೆ ಇನ್ನೂ ಮನಸ್ಸು ಬಂದಿಲ್ಲ.