ಕೀಟ್ಸ್ ಕವಿಯ ಸೋತ ಕಾವ್ಯ

ಸೋಲೇ ಗೆಲವಿಗೆ ಸೋಪಾನವೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ವಾರದಲ್ಲಿ ಇತರರಿಗೆ ಹೇಳಿಯೂ ಇದ್ದೇವೆ. ಆ ಮಾತಿನಿಂದ ಹೇಳಿದವರಿಗೆ ಆಗುವಷ್ಟು ಸಮಾಧಾನ ಕೇಳಿದವರಿಗೆ ಆಗುವುದಿಲ್ಲ. ಸೋತವರೆಲ್ಲರೂ ಮುಂದೆ ಗೆದ್ದುದನ್ನು ಲೋಕದಲ್ಲಿ ನಾವು ಕಾಣೆವಷ್ಟೆ. ಕೆಲವರಿಗೆ ಸೋಲು ವಿದ್ಯೆಯಾಗುತ್ತದೆ. ಹಲವರಿಗೆ ಬರಿಯ ಗಾಯವಾಗಿ ಉಳಿಯುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ಇಂಗ್ಲಿಷ್ ಕವಿ ಜಾನ್ ಕೀಟ್ಸನ ಅಲ್ಪಾಯುಷ್ಯದ ಕಾವ್ಯಜೀವನದಲ್ಲಿ ಈ ಹೊತ್ತು ಸ್ವಲ್ಪ ಪರಿಶೀಲಿಸೋಣ.

ಕೀಟ್ಸನು ೧೭೯೫ನೆಯ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಹುಟ್ಟಿದನು. ತಂದೆ ಬಾಡಿಗೆ ಕುದುರೆಗಳ ಲಾಯವನ್ನು ನೋಡಿಕೊಳ್ಳುತ್ತಿದ್ದವನು. ೧೮೦೪ರಲ್ಲಿ ಕುದುರೆಯಿಂದ ಬಿದ್ದು ಸತ್ತನು. ೧೮೧೦ರಲ್ಲಿ ತಾಯಿಯೂ ಕ್ಷಯರೋಗದಿಂದ ತೀರಿಕೊಂಡಳು. ಹುಡುಗನನ್ನು ವೈದ್ಯನೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು. ಅನಂತರ ಅವನು ಗೈಸ್ ಆಸ್ಪತ್ರೆಯಲ್ಲಿ ವ್ಯಾಸಂಗ ಮಾಡಿ, ೧೮೧೬ರಲ್ಲಿ ವೈದ್ಯವೃತ್ತಿಗೆ ಬೇಕಾದ ಪರವಾನಗಿಯನ್ನು ಪಡೆದನು. ಪಡೆದು, ಆ ವೃತ್ತಿಯನ್ನು ಬಿಟ್ಟು ಕವಿತೆಗೆ ಕೈಹಾಕಿದನು. ಅವನ ಪೋಷಕನಿಗೆ ಇದರಿಂದ ಎಷ್ಟು ಅಸಮಾಧಾನವಾಯಿತೆಂಬುದನ್ನು ನಮ್ಮ ಕೇಳುಗರಲ್ಲಿ ಗಂಡುಮಕ್ಕಳ ತಂದೆಯಾದವರಿಗೆ ವಿವರಿಸಬೇಕಾಗಿಲ್ಲ. ೧೮೧೭ರಲ್ಲಿ ಅಚ್ಚಾದ ಮೊದಲ ಕವನಸಂಗ್ರಹವನ್ನು ಕೊಂಡವರು ತೀರ ಕಡಮೆ.

ಆ ವರ್ಷದ ಏಪ್ರಿಲಿನಲ್ಲಿಯೇ ಅವನು ವೈಟ್ ದ್ವೀಪಕ್ಕೆ ಹೋಗಿ 'ಎಂಡಿಮಿಯನ್' ಎಂಬ ದೀರ್ಘಕಾವ್ಯವನ್ನು ಆರಂಭಿಸಿದನು. ಚಂದ್ರದೇವತೆಯು ಗ್ರೀಕ್ ಕುರುಬನೊಬ್ಬನನ್ನು ಪ್ರೀತಿಸಿದಳೆಂಬುದಿಷ್ಟೇ ಅದರ ವಸ್ತು. ಇಷ್ಟು ಸಣ್ಣ ಕಥೆಯಿಂದ ನಾಲ್ಕು ಸಾವಿರ ಪಂಕ್ತಿಗಳನ್ನು ಹೊರಡಿಸಿ, ತನ್ನ ಕಲ್ಪನಾಶಕ್ತಿ ಎಷ್ಟರದೆಂದು ತಾನೇ ನೋಡಿಕೊಳ್ಳಬೇಕೆಂಬುದು ಅವನ ಸಂಕಲ್ಪ. ನವೆಂಬರು ಮುಗಿಯುವಷ್ಟರಲ್ಲಿ ನಾಲ್ಕು ಕಾಂಡಗಳೂ ಮುಗಿದವು. ಕಾವ್ಯದಲ್ಲಿ ಸೊಗಸಾದ ಸ್ಥಳಗಳುಂಟು. ಆದರೆ ಒಟ್ಟು ನೋಡಿದರೆ ಅದು ಸೋತ ಕಾವ್ಯವೇ ಸರಿ. ಎರಡೆರಡು ಪಂಕ್ತಿಗಳಿಗೆ ಅಂತ್ಯಪ್ರಾಸ ಕೂಡಬೇಕೆಂಬ ನಿಯಮವನ್ನು ಹಿಡಿದ ಕವಿ, ಅನೇಕ ಕಡೆಗಳಲ್ಲಿ ಪ್ರಾಸದ ಪದವು ಎಳೆದತ್ತ ತನ್ನ ಭಾವವನ್ನು ಕಳುಹಿಸಿಬಿಟ್ಟಿದ್ದಾನೆ. ದ್ವಿತೀಯಾಕ್ಷರ ಪ್ರಾಸಕ್ಕಾಗಿ ಬೇಡದ ಆನೆಯನ್ನೂ ಬಾರದ ಮಳೆಯನ್ನೂ ಪದ್ಯದೊಳಕ್ಕೆ ಕರೆತಂದ ಕನ್ನಡ ಪದ್ಯಕಾರರನ್ನು ಬಲ್ಲವರಿಗೆ ಈ ಕಷ್ಟ ಸುಲಭವಾಗಿ ಅರ್ಥವಾಗುತ್ತದೆ.

ಇನ್ನು ಮುಂದಿನದೇ ಮುಖ್ಯವಾದ ಸಂಗತಿ. ಈ ಕಾವ್ಯ ಸೋತಿದೆಯೆಂದು ಮೊದಲು ಹೇಳಿದವರು ಯಾರು? ವಿಮರ್ಶಕರಲ್ಲ, ಕವಿಯೇ. ೧೮೧೮ರ ವಸಂತದಲ್ಲಿ, ಪುಸ್ತಕವಿನ್ನೂ ಹೊರಬೀಳುವ ಮುನ್ನ, ಅವನೊಂದು ಮುನ್ನುಡಿ ಬರೆದನು. ಅದು ವಾಚಕರಿಗೆ ಹಿಡಿಸದೆಂದು ಗೆಳೆಯರೂ ಪ್ರಕಾಶಕರೂ ಬೇಡವೆಂದರು. ಏಪ್ರಿಲ್ ೧೦ರ ತಾರೀಖಿನ ಎರಡನೆಯ ಮುನ್ನುಡಿಯಲ್ಲಿಯೂ ಅವನು ತನ್ನ ಕೃತಿಯ ಅಪಕ್ವತೆಯನ್ನು ಮುಚ್ಚಿಡಲಿಲ್ಲ. ಬಾಲ್ಯವು ಕಳೆದು ಪ್ರೌಢತೆಯಿನ್ನೂ ಬಾರದ ನಡುಗಾಲದ ಗೊಂದಲ ಅದರಲ್ಲಿದೆಯೆಂದು ಸ್ಪಷ್ಟವಾಗಿಯೇ ತಿಳಿಸಿದನು.

ವಿಮರ್ಶಕರ ಪೆಟ್ಟು ಬಿದ್ದುದು ತಿಂಗಳುಗಳು ಕಳೆದ ಮೇಲೆ. ಆಗಸ್ಟಿನಲ್ಲಿ 'ಬ್ಲಾಕ್‌ವುಡ್ಸ್' ಪತ್ರಿಕೆಯು ಅವನು ಮರಳಿ ಔಷಧದಂಗಡಿಗೆ ಹೋಗುವುದೇ ಲೇಸೆಂದು ಹಾಸ್ಯಮಾಡಿತು. ಸೆಪ್ಟೆಂಬರಿನಲ್ಲಿ 'ಕ್ವಾರ್ಟರ್ಲಿ ರಿವ್ಯೂ' ಹೊರಬಂದಿತು. ಅದರ ವಿಮರ್ಶಕನು ತಾನು ನಾಲ್ಕು ಕಾಂಡಗಳಲ್ಲಿ ಮೊದಲನೆಯದನ್ನು ಮಾತ್ರ ಓದಿರುವುದಾಗಿ ಒಪ್ಪಿಕೊಂಡೇ ತೀರ್ಪು ಕೊಟ್ಟನು. ಆದರೂ, ನ್ಯಾಯವಾಗಿ ಹೇಳುವುದಾದರೆ, ಕವಿಯ ಭಾವವು ಪ್ರಾಸದ ಬೆನ್ನುಹತ್ತಿ ಹೋಗುತ್ತಿದೆಯೆಂದು ಆತನು ಎತ್ತಿದ ಆಕ್ಷೇಪಣೆ ಸುಳ್ಳಲ್ಲ. ಕ್ರೂರಿಯಾದ ವಿಮರ್ಶಕನೂ ಒಮ್ಮೊಮ್ಮೆ ಸರಿಯಾದುದನ್ನು ಹೇಳಬಹುದು.

ಇದಕ್ಕೆ ಕೀಟ್ಸನು ಕೊಟ್ಟ ಉತ್ತರ ಅದೇ ಅಕ್ಟೋಬರಿನಲ್ಲಿ ಪ್ರಕಾಶಕನಿಗೆ ಬರೆದ ಒಂದು ಖಾಸಗಿ ಕಾಗದದಲ್ಲಿದೆ. ಪತ್ರಿಕೆಗಳ ನಿಂದೆಗಿಂತ ತನ್ನ ವಿಮರ್ಶೆಯೇ ತನಗೆ ಹೆಚ್ಚಿನ ನೋವನ್ನು ಕೊಟ್ಟಿದೆಯೆಂದು ಅವನು ಅಲ್ಲಿ ತಿಳಿಸುತ್ತಾನೆ. ದಡದಲ್ಲಿ ಕುಳಿತು ಹಿತವಚನ ಕೇಳುತ್ತಿದ್ದರೆ ತಿಳಿಯದಿದ್ದ ಆಳವೂ ಬಂಡೆಯೂ ಸಮುದ್ರಕ್ಕೆ ಧುಮುಕಿದ್ದರಿಂದ ತಿಳಿದುವೆಂಬುದು ಅವನ ಅಭಿಪ್ರಾಯ. ಆಗ ಅವನ ವಯಸ್ಸು ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ.

ಆ ಬಂಡೆಗಳು ಯಾವುವೆಂಬುದನ್ನು ಅವನ ಮುಂದಿನ ಬರವಣಿಗೆಯಲ್ಲಿ ಕಾಣಬಹುದು. ಪ್ರಾಸ ದಾರಿ ತಪ್ಪಿಸಿತೆ? ಹಾಗಾದರೆ ಪ್ರಾಸವೇ ಬೇಡವೆಂದು, ಮಿಲ್ಟನ್ ಮಹಾಕವಿಯ ಮಾರ್ಗವನ್ನು ಹಿಡಿದು, ಪ್ರಾಸರಹಿತವಾದ 'ಹೈಪೀರಿಯನ್' ಕಾವ್ಯಕ್ಕೆ ತೊಡಗಿದನು. ಮನೆಯಲ್ಲಿ ತಮ್ಮ ಟಾಮನು ಕ್ಷಯದಿಂದ ನರಳುತ್ತಿದ್ದನು. ಡಿಸೆಂಬರು ಒಂದರಂದು ತೀರಿಕೊಂಡನು. ಹೈಪೀರಿಯನ್ ಮೂರನೆಯ ಕಾಂಡದಲ್ಲಿ ನಿಂತುಹೋಯಿತು. ಅದನ್ನು ಬೇರೊಂದು ರೂಪದಲ್ಲಿ ಮತ್ತೆ ಬರೆಯಲು ಹೊರಟು, ಅದನ್ನೂ ೧೮೧೯ರ ಸೆಪ್ಟೆಂಬರಿನಲ್ಲಿ ಕೈಬಿಟ್ಟನು. ಕಾರಣ, ಆ ಶೈಲಿ ತನ್ನದಾಗದೆ ಮಿಲ್ಟನನದಾಗಿಯೇ ಉಳಿಯುತ್ತಿತ್ತು. ಮೊದಲು ಪ್ರಾಸ ಅವನನ್ನು ನಡೆಸಿತು. ಆಮೇಲೆ ಗುರು ನಡೆಸಿದನು. ಎರಡೂ ಒಂದೇ ಬಗೆಯ ಪರಾಧೀನತೆಯೆಂಬುದನ್ನು ಅವನೇ ಕಂಡುಕೊಂಡನು.

ಈ ನಡುವೆ ೧೮೧೯ರ ವಸಂತದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅವನು ಅನೇಕ ಸುನೀತಗಳನ್ನು, ಎಂದರೆ ಸಾನೆಟ್ಟುಗಳನ್ನು, ಬರೆದಿದ್ದವನು. ಷೇಕ್ಸ್‌ಪಿಯರನ ಕ್ರಮದಲ್ಲಿ ಕಡೆಯ ಎರಡು ಪಂಕ್ತಿಗಳ ಜೋಡಿಪ್ರಾಸ ಅವನ ಕಿವಿಗೆ ಒಪ್ಪಲಿಲ್ಲ. ಪೆಟ್ರಾರ್ಕನ ಇಟಾಲಿಯನ್ ಕ್ರಮದಲ್ಲಿ ಪ್ರಾಸಗಳು ಮೇಲೆ ಎರಗಿದಂತೆ ಬರುತ್ತವೆಂದು ತೋರಿತು. ಅವನು ಒಂದರಿಂದ ಮೊದಲ ನಾಲ್ಕು ಪಂಕ್ತಿಗಳನ್ನು, ಇನ್ನೊಂದರಿಂದ ಕಡೆಯ ಆರು ಪಂಕ್ತಿಗಳನ್ನು ತೆಗೆದು ಹತ್ತು ಪಂಕ್ತಿಗಳ ಹೊಸ ಪದ್ಯವನ್ನು ಕಟ್ಟಿದನು. ನೈಟಿಂಗೇಲ್ ಹಕ್ಕಿಯನ್ನೂ ಗ್ರೀಕ್ ಕಲಶವನ್ನೂ ಕುರಿತ ಪ್ರಗಾಥಗಳು ಈ ಅಚ್ಚಿನಲ್ಲಿ ಮೂಡಿದವು. ಪ್ರಾಸ ಇಲ್ಲಿಯೂ ಇದೆ. ಆದರೆ ಈಗ ಅದು ಆಳಾಗಿದೆ, ಅರಸಾಗಿಲ್ಲ. ಇನ್ನೊಂದು ಪಂಕ್ತಿಯನ್ನು ಕೂಡಿಸಿ, ಸೆಪ್ಟೆಂಬರ್ ೧೯ರಂದು ವಿಂಚೆಸ್ಟರಿನಲ್ಲಿ ಶರತ್ಕಾಲದ ಪ್ರಗಾಥವನ್ನು ಬರೆದನು. ಹೈಪೀರಿಯನ್ನನ್ನು ಬಿಟ್ಟ ಸುದ್ದಿಯೂ ಈ ಪದ್ಯ ಹುಟ್ಟಿದ ಸುದ್ದಿಯೂ ಗೆಳೆಯನಿಗೆ ಬರೆದ ಒಂದೇ ಕಾಗದದಲ್ಲಿವೆ.

ಎಲ್ಲ ಸೋಲುಗಳೂ ಹೀಗೆ ಫಲ ಕೊಟ್ಟವೆಂದು ನಾವು ಹೇಳಲಾರೆವು. ಆ ಬೇಸಗೆಯಲ್ಲಿಯೇ ಅವನು ಬ್ರೌನ್ ಎಂಬ ಸ್ನೇಹಿತನೊಡನೆ ಕೂಡಿ ಹಣದ ಆಸೆಯಿಂದ 'ಆಥೋ' ಎಂಬ ನಾಟಕವನ್ನು ಬರೆದನು. ಅವನ ಜೀವಿತಕಾಲದಲ್ಲಿ ಅದು ರಂಗವನ್ನೇರಲಿಲ್ಲ. ಅದರಿಂದ ಅವನ ಕವಿತೆಗೆ ಬಂದ ಲಾಭವೂ ನಮಗೆ ಕಾಣದು. ಕಥೆಯನ್ನು ಬ್ರೌನ್ ಒದಗಿಸಿದ್ದನು, ಕವಿ ಮಾತು ಜೋಡಿಸಿದನು. ತನ್ನದಲ್ಲದ ಕೆಲಸದಲ್ಲಿ ಸೋತರೆ ಕಲಿಯುವುದೂ ಸ್ವಲ್ಪವೇ.

ನಮ್ಮ ಕಾಲೇಜುಗಳಲ್ಲಿ ತರುಣರು ಕವನದ ಪುಸ್ತಕಗಳನ್ನು ತಂದು, "ಚೆನ್ನಾಗಿದೆಯೆ?" ಎಂದು ಕೇಳುತ್ತಾರೆ. ಇಂತಹ ಸಾಲಿನಲ್ಲಿ ನನಗೆ ತೃಪ್ತಿಯಾಗಲಿಲ್ಲ, ಏಕೆಂದು ತಿಳಿಯದು, ಎಂದು ಬೆರಳಿಟ್ಟು ತೋರಿಸುವವರು ವಿರಳ. ಅಂಥವರೊಬ್ಬರು ಬಂದ ದಿನ ಪಾಠ ಹೇಳುವ ನಮಗೆ ಹಬ್ಬ.

ಕೀಟ್ಸನು ೧೮೨೧ರ ಫೆಬ್ರವರಿ ೨೩ರಂದು ರೋಮ್ ನಗರದಲ್ಲಿ, ತಾಯಿಯನ್ನೂ ತಮ್ಮನನ್ನೂ ಕೊಂದ ರೋಗದಿಂದಲೇ ಮಡಿದನು. ಆದರೆ ವಿಮರ್ಶಕರೇ ಅವನನ್ನು ಕೊಂದರೆಂಬ ಕಥೆಯನ್ನು ಷೆಲ್ಲಿ ಶೋಕದಿಂದ ಹಬ್ಬಿಸಿದನು, ಬೈರನ್ ಕುಹಕದಿಂದ ಹಬ್ಬಿಸಿದನು. ಅದನ್ನು ನಂಬುವವರು ಇಂದಿಗೂ ಉಂಟು. ಅವನು ಬದುಕಿದ್ದಾಗಲೇ ಇದರ ಬೀಜ ಬಿದ್ದಿತ್ತು. ೧೮೨೦ರ ಜುಲೈಯಲ್ಲಿ ಅವನ ಕಡೆಯ ಸಂಗ್ರಹ ಹೊರಬಂದಾಗ ಪ್ರಕಾಶಕರು ಮೊದಲಿಗೆ ಒಂದು ಪ್ರಕಟಣೆಯನ್ನು ಸೇರಿಸಿ, ಎಂಡಿಮಿಯನ್ನಿಗೆ ದೊರೆತ ಸ್ವಾಗತದಿಂದ ಎದೆಗುಂದಿ ಕವಿಯು ಹೈಪೀರಿಯನ್ನನ್ನು ಮುಂದುವರಿಸಲಿಲ್ಲವೆಂದು ಅಚ್ಚುಮಾಡಿದ್ದರು. ಕೀಟ್ಸನು ನೆರೆಯವರೊಬ್ಬರಿಗೆ ಕೊಟ್ಟ ಪ್ರತಿ ಉಳಿದುಬಂದಿದೆ. ಅದರಲ್ಲಿ ಅವನು ಆ ಪ್ರಕಟಣೆಯನ್ನು ಹೊಡೆದುಹಾಕಿ, ಇದು ತನ್ನ ಕೆಲಸವಲ್ಲ, ಆಗ ತನಗೆ ಕಾಯಿಲೆಯಾಗಿತ್ತೆಂದು ಮೇಲೆ ಬರೆದಿದ್ದಾನೆ. ಎಂಡಿಮಿಯನ್ನಿನ ಮಾತು ಬಂದ ವಾಕ್ಯದ ಕೆಳಗೆ, ಇದು ಸುಳ್ಳೆಂದು ಬರೆದಿದ್ದಾನೆ.