ದಾಳ ಎಸೆದ ಕೈ



ಹೋದ ತಿಂಗಳು ಇದೇ ವೇದಿಕೆಯಲ್ಲಿ ಮಾತಾಡಿದವರು ಆನ್‌ಲೈನ್ ಆಟಗಳ ಭಯವನ್ನೆಲ್ಲ ‘ಅಪರಿಚಿತರು’ ಎಂಬ ಒಂದೇ ಪದದ ತಲೆಗೆ ಕಟ್ಟಿದರು. ಮಕ್ಕಳಿಗೆ ಹೇಳುವ ಮಾತಾಗಿ ಅದು ಸರಿಯೇ. ಫೋಟೊ, ಫೋನ್ ನಂಬರು ಕೇಳುವವನು ಸಿಕ್ಕರೆ ಆಟ ಬಿಟ್ಟು ಏಳಬೇಕು, ಚರ್ಚೆಯೇ ಇಲ್ಲ. ನನ್ನ ತಕರಾರು ಬೇರೆ. ನಿವೃತ್ತಿಯಾದ ಮೇಲೆ ರಾತ್ರಿ ಊಟ ಮುಗಿಸಿ ಮೊಬೈಲಿನಲ್ಲಿ ಹತ್ತು ನಿಮಿಷದ ಚೆಸ್ ಆಡುವ ಚಟ ಅಂಟಿಸಿಕೊಂಡಿದ್ದೇನೆ. ಎದುರಾಳಿ ಎಂದರೆ ಒಂದು ಅಡ್ಡಹೆಸರು, ಒಂದು ಪುಟ್ಟ ಬಾವುಟ. ನನ್ನಿಂದ ಕದಿಯುವಂಥದ್ದು ಅವರಿಗೆ ಏನೂ ಇಲ್ಲ. ಆದರೂ ಕಾಯಿ ಮುಟ್ಟುವ ಮೊದಲು ಒಂದು ಕಸಿವಿಸಿ. ಯಾಕೆ?

ಉತ್ತರ ಹುಡುಕಿ ಮಹಾಭಾರತಕ್ಕೆ ಹೋಗೋಣ. ದ್ಯೂತಪ್ರಸಂಗ ನಿಮಗೆಲ್ಲ ಬಾಯಿಪಾಠ. ಅದರಲ್ಲಿ ಒಂದು ಸಣ್ಣ ಜಾಗವನ್ನು ಮಾತ್ರ ದಾಟಿಕೊಂಡು ಹೋಗಿಬಿಡುತ್ತೇವೆ. ಪಣ ನನ್ನದು, ಆಡುವವನು ಮಾವ ಎಂದು ದುರ್ಯೋಧನ ಹೇಳಿದಾಗ ವ್ಯಾಸಭಾರತದ ಧರ್ಮರಾಯ ತಡೆಯುತ್ತಾನೆ: ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಕಾಣದು ಅನ್ನುತ್ತಾನೆ. ಶಕುನಿ ಅಪರಿಚಿತನೇ? ಮನೆಯವನೇ ತಾನೆ! ಕೂತವನೊಬ್ಬ, ದಾಳ ಎಸೆಯುವವನು ಇನ್ನೊಬ್ಬ ಎಂಬುದಕ್ಕೆ ಧರ್ಮರಾಯನಿಗೆ ಅಳುಕು. ಅಷ್ಟು ಹೇಳಿಯೂ ಆಡಲು ಕೂತ, ಆ ಕಥೆ ಬೇರೆ.

ಈ ಜಾಗಕ್ಕೆ ಬೆರಳಿಟ್ಟು ತೋರಿಸಿದವರು ನಮ್ಮ ಸಂಸ್ಕೃತ ಮೇಷ್ಟ್ರು. ರಜೆಯಲ್ಲಿ ಅವರ ಮನೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ನಮ್ಮ ಜೊತೆ ಕೂರುತ್ತಿದ್ದರು. ನಾಲ್ಕು ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂದರೆ ಎಂಟು. ನಾವು ಮನೆ ಎಣಿಸುತ್ತಿದ್ದರೆ ಅವರ ಕಣ್ಣು ಎಸೆದವನ ಮುಂಗೈ ಮೇಲೆ. ಕುಲುಕದೆ ಮೆಲ್ಲಗೆ ಜಾರಿಸಿದಿರೋ, “ಏಯ್, ಕೈ ಬಿಚ್ಚಿ ಹಾಕೋ” ಎಂದು ಗದರುತ್ತಿದ್ದರು.

ಮೊಬೈಲಿನಲ್ಲಿ ಆ ಮುಂಗೈ ಇಲ್ಲ. ಒಂದು ರಾತ್ರಿ ಸಿಕ್ಕ ಎದುರಾಳಿ ಪ್ರತಿ ನಡೆಗೂ ನಾಲ್ಕೇ ಸೆಕೆಂಡು ತೆಗೆದುಕೊಂಡ. ಹೊಡೆದ ಕಾಯಿಯನ್ನು ತಿರುಗಿ ಹೊಡೆಯಲೂ ನಾಲ್ಕು, ನಾನು ತಲೆ ಕೆರೆದುಕೊಂಡ ಜಾಗದಲ್ಲೂ ನಾಲ್ಕು. ಸೋತು, ಚೆನ್ನಾಗಿ ಆಡಿದಿರಿ ಎಂದು ಬರೆದೆ. ಮೂರು ದಿನದ ಮೇಲೆ ಸಂದೇಶ ಬಂತು: ಆ ಆಟಗಾರ ನಿಯಮ ಮುರಿದಿದ್ದಾನೆ, ನಿಮ್ಮ ಅಂಕ ವಾಪಸು. ಅಂಕ ಬಂತು, ಮಾನ ಬರಲಿಲ್ಲ. ನಾನು ಶಭಾಷ್ ಹೇಳಿದ್ದು ಒಂದು ಸಾಫ್ಟ್‌ವೇರಿಗೆ! 1770ರಲ್ಲಿ ವಿಯೆನ್ನಾದಲ್ಲಿ ಕೆಂಪೆಲೆನ್ ತೋರಿಸಿದ ಚೆಸ್ ಗೊಂಬೆಯ ಪೆಟ್ಟಿಗೆಯೊಳಗೆ ಮನುಷ್ಯ ಅಡಗಿ ಕೂರುತ್ತಿದ್ದ. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರಿನ ಎದುರು ಸೋತ ಚೆಸ್ ಚಾಂಪಿಯನ್ ಕಾಸ್ಪರೋವ್‌ಗೂ ಒಳಗೆ ಮನುಷ್ಯನ ಕೈಯಿದೆಯೇ ಎಂಬ ಅನುಮಾನ. ನಮ್ಮ ಕಾಲಕ್ಕೆ ಅನುಮಾನ ತಿರುಗಿ ಕೂತಿದೆ, ಅಷ್ಟೆ.

ಇಲ್ಲಿಗೆ ನಿಲ್ಲಿಸಿದ್ದರೆ, ಆಡುವ ಕೈ ಯಾರದೆಂದು ಕಾಣದ್ದೇ ಕಸಿವಿಸಿಗೆ ಕಾರಣ ಎಂಬ ನನ್ನ ವಾದಕ್ಕೆ ಕ್ಷೇಮವಿತ್ತು. ಮೊಮ್ಮಗಳು ಬಿಡಲಿಲ್ಲ, ‘ಜರ್ನಿ’ ಎಂಬ 2012ರ ಆಟ ತೋರಿಸಿದಳು. ಮರಳುಗಾಡಿನಲ್ಲಿ ಕೆಂಪು ನಿಲುವಂಗಿಯ ಒಂದು ಜೀವ. ದಾರಿಯಲ್ಲಿ ಜೊತೆಗೊಬ್ಬರು ಸಿಗುತ್ತಾರೆ. ಹೆಸರಿಲ್ಲ, ಮಾತಿಲ್ಲ, ಹೊರಡಿಸಬಹುದಾದದ್ದು ಒಂದು ಸ್ವರ. ಆಟ ಕಟ್ಟುವಾಗ ಒಬ್ಬರನ್ನೊಬ್ಬರು ದೂಡಲು ಬರುತ್ತಿತ್ತಂತೆ. ಆಡಿ ನೋಡಿದವರು ದೂಡಿ ಬೀಳಿಸತೊಡಗಿದ್ದರಿಂದ ನಿರ್ದೇಶಕ ಜೆನೋವಾ ಚೆನ್ ಅವರ ತಂಡ ಆ ಸೌಲಭ್ಯವನ್ನೇ ಕಿತ್ತುಹಾಕಿತು. ಹಿಮದ ಬೆಟ್ಟದಲ್ಲಿ ಇಬ್ಬರೂ ಮೈಗೆ ಮೈ ತಾಗಿಸಿಕೊಂಡು ಹತ್ತುತ್ತಾರೆ. ಜೊತೆಗಿದ್ದವರ ಅಡ್ಡಹೆಸರು ಕಾಣುವುದು ಎಲ್ಲ ಮುಗಿದ ಮೇಲೆ. ಹುಡುಗಿ ಕಣ್ಣೊರೆಸಿಕೊಂಡಳು. ಯಾರ ಕೈ ಎಂದು ತಿಳಿಯದೆಯೂ ಅವಳಿಗೆ ಕಸಿವಿಸಿಯಿಲ್ಲ! ಗೆಲ್ಲುವುದು ಸೋಲುವುದು ಇಲ್ಲದ್ದಕ್ಕೋ? ನಾನಿನ್ನೂ ಅವಳ ಜೊತೆ ವಾದಿಸುತ್ತಲೇ ಇದ್ದೇನೆ.

ಕೊನೆಗೆ ಒಂದು ತಪ್ಪೊಪ್ಪಿಗೆ. ಹೋದ ವಾರ ಆಟದ ಮಧ್ಯೆ ಒಲೆಯ ಮೇಲಿನ ಹಾಲು ಉಕ್ಕಿತು. ಓಡಿಹೋಗಿ ಬರುವಷ್ಟರಲ್ಲಿ ಅದೇ ಮೊಮ್ಮಗಳು ನನ್ನ ಕುದುರೆ ನಡೆಸಿದ್ದಳು. ನನಗೆ ಹೊಳೆಯದಿದ್ದ ನಡೆ, ಅದರಿಂದಲೇ ಗೆದ್ದೆ. ಆ ಕಡೆಯವರು ಚೆನ್ನಾಗಿ ಆಡಿದಿರಿ ಎಂದು ಬರೆದರು. ನಾನು ಉತ್ತರ ಕೊಡದೆ ಮೊಬೈಲು ಮಗುಚಿಟ್ಟೆ. ಅವರ ಕಡೆ ಕೂತಿದ್ದವರು ಯಾರೆಂದು ನನಗೆ ಗೊತ್ತಿಲ್ಲದಿರುವಾಗ, ನನ್ನ ಕಡೆಯ ಕೈ ಯಾರದೆಂದು ನಾನು ಹೇಳಬೇಕಿತ್ತೆ? ಮೇಷ್ಟ್ರಿದ್ದಿದ್ದರೆ ಯಾರ ಮುಂಗೈ ನೋಡುತ್ತಿದ್ದರು? ಹೇಳಲೇಬೇಕಿತ್ತು ಅನ್ನುವುದಾದರೆ, ಆ ಅಡ್ಡಹೆಸರನ್ನೂ ಬರೆದಿಟ್ಟುಕೊಳ್ಳದ ನಾನು ಅವರನ್ನು ಈಗ ಎಲ್ಲಿ ಹುಡುಕಲಿ?